ಅವ್ವ ತಿಕ್ಕಿದ ಕಾರು

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯವರದು ಅರಿವೆ ಅಂಗಡಿ. ನಾನು ಅವರನ್ನು ಭಾಯಿ ಎನ್ನುತ್ತೇನೆ, ಅವರು ನನ್ನನ್ನು ಮಾಸ್ತರ ಎನ್ನುತ್ತಾರೆ. ಹೋದ ವರ್ಷ ಮಗಳ ಮದುವೆ ಗೊತ್ತಾದಾಗ ಭಾಯಿ ಕಡುನೀಲಿ ಬಣ್ಣದ ಹೊಸ ಕಾರು ತಂದರು. ಮಗಳನ್ನು ಹಿರೇಕೆರೂರಿನ ಗಂಡನ ಮನೆಗೆ ಸ್ವಂತ ಗಾಡಿಯಲ್ಲೇ ಕಳಿಸಬೇಕೆಂಬುದು ಅವರ ಬಹಳ ದಿನದ ಆಸೆ. ಗಾಡಿಯ ಮೇಲೆ ಅವರಿಗೆ ಜೀವ. ಕಾಗೆ ಹಿಕ್ಕೆ ಹಾಕುತ್ತದೆಂದು ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಿರಲಿಲ್ಲ. ಧೂಳಿನ ಮೇಲೆ ಯಾರಾದರೂ ಒಣಬಟ್ಟೆ ಆಡಿಸಿದರೆ ಮುಗಿಯಿತು, ಓಣಿಗೆಲ್ಲ ಕೇಳುವ ಹಾಗೆ ಬೈಗುಳ. "ಭಾಯಿ, ಅದಕ್ಕೊಂದು ದೃಷ್ಟಿಬೊಟ್ಟ ಇಡ್ರಿ" ಎಂದು ನಾನು ಕಾಡಿಸುತ್ತಿದ್ದೆ.

ಮದುವೆಗೆ ಇನ್ನು ಐದು ದಿನ ಇರುವಾಗ ಹಾನಗಲ್ ತಾಲೂಕಿನ ಆಡೂರಿನಿಂದ ಫೋನ್ ಬಂತು. ಅವ್ವನ ತಂಗಿ, ನನ್ನ ಚಿಗವ್ವ, ಊಟ ಬಿಟ್ಟಿದ್ದಾಳೆ, ನೋಡುವುದಿದ್ದರೆ ಬೇಗ ಬನ್ನಿ ಎಂದರು. ಅವ್ವ ಹೊಸ್ತಿಲಲ್ಲಿ ಕೂತು ಅಳತೊಡಗಿದಳು. ಗೋಡೆಯಾಚೆ ಭಾಯಿಗೆ ಕೇಳಿಸಿತು. ಬಂದವರೇ ಕೀಲಿಯನ್ನು ನನ್ನ ಕೈಯಲ್ಲಿಟ್ಟರು.

"ಬಸ್ಸಿನ ಹಾದಿ ಕಾಯಬ್ಯಾಡ್ರಿ ಮಾಸ್ತರ. ಲಗೂನ ಹೊಂಡ್ರಿ."

ಚಿಗವ್ವ ಅವ್ವನ ಗುರುತು ಹಿಡಿದಳು. "ಅಕ್ಕಾ, ಬಂದಿಯೇನು?" ಎಂದಳು. ಅವ್ವನ ಕೈಯಿಂದ ನಾಲ್ಕು ಚಮಚ ಗಂಜಿ ಕುಡಿದಳು. ಆಮೇಲೆ ಅವಳು ತಿಂಗಳೊಪ್ಪತ್ತು ಇದ್ದಳು, ಮಾತು ಮಾತ್ರ ಮರುದಿನವೇ ನಿಂತುಹೋಯಿತು. ಅವತ್ತು ಬಸ್ಸಿಗೆ ಕಾದಿದ್ದರೆ ಆ "ಅಕ್ಕಾ" ಅವ್ವನಿಗೆ ದಕ್ಕುತ್ತಿರಲಿಲ್ಲ.

ಬರುವಾಗ ಮಳೆ ಹಿಡಿಯಿತು. ಭತ್ತದ ಗದ್ದೆಯ ಹಾದಿಯ ಕೆಸರು ಗಾಡಿಯ ಕಿಟಕಿಯವರೆಗೂ ಮೆತ್ತಿತ್ತು. ಬೆಳಿಗ್ಗೆ ನಾನೇ ತೊಳೆದು ಕೊಡುತ್ತೇನೆ ಎಂದುಕೊಂಡು ಮಲಗಿದೆ.

ಎಚ್ಚರವಾದದ್ದು ಗರಗರ ಸದ್ದಿಗೆ. ಎರವಲು ತಂದ ಪಾತ್ರೆಯನ್ನು ನಮ್ಮ ಮನೆಯಲ್ಲಿ ತಿಕ್ಕದೆ ತಿರುಗಿ ಕೊಡುವುದಿಲ್ಲ, ಖಾಲಿಯೂ ಕೊಡುವುದಿಲ್ಲ. ಅವ್ವ ಗಾಡಿಯ ಡಿಕ್ಕಿಯಲ್ಲಿ ಒಂದು ಸೇರು ಅಕ್ಕಿ, ಒಂದು ಅಚ್ಚು ಬೆಲ್ಲ ಇಟ್ಟು, ಸೀರೆ ಎತ್ತಿ ಕಟ್ಟಿ, ನೀರೊಲೆಯ ಬೂದಿ ಮತ್ತು ತೆಂಗಿನ ನಾರು ಹಿಡಿದು ಗಾಡಿ ತಿಕ್ಕುತ್ತಿದ್ದಳು. ಬಾನೆಟ್ಟು ಮುಗಿದಿತ್ತು. ಹಿಂದಿನ ಬಾಗಿಲ ಕೆಲಸ ನಡೆದಿತ್ತು.

"ಯವ್ವಾ! ಏನ ಮಾಡಾಕತ್ತೀಬೇ!"

"ಇಷ್ಟ ದೊಡ್ಡ ಉಪಕಾರ ಮಾಡ್ಯಾರ. ಹಂಗ ರಾಡಿ ಗಾಡಿ ಕೊಡಾಕ ಬರತೈತೇನು?"

ನನ್ನ ಬಾಯಿ ಮೊದಲೇ ಕೆಟ್ಟದ್ದು. "ಇದೇನು ನಿನ್ನ ಹಿತ್ತಾಳಿ ಕೊಡಪಾನ ಅಂತ ತಿಳದಿಯೇನು? ಮಾನಾ ಕಳದಿ!" ಎಂದು ಕೂಗಿಬಿಟ್ಟೆ. ನೀರು ಆರುತ್ತಿದ್ದಂತೆ ನೀಲಿಯ ತುಂಬ ಬಿಳಿ ಗೀರುಗಳು ಎದ್ದವು. ಅವ್ವ ಅದನ್ನು ನೋಡಿದಳು. ನಾರು ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಅಷ್ಟು ಸಣ್ಣದಾಗಿ ಕೂತ ಅವ್ವನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಭಾಯಿಯನ್ನು ನಾನೇ ಕರೆತಂದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿದರು. ಬಾಗಿಲ ಮೇಲೆ ಬೆರಳಾಡಿಸಿದರು. ಮುಖ ಬಿಳಿಚಿತ್ತು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಚಿಗವ್ವಾರು ಮಾತಾಡಿದ್ರೇನ್ರಿ?" ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

ಇಬ್ಬರೂ ಕೂಡಿ ಶಿಗ್ಗಾಂವಿಯ ಪಾಲಿಶ್ ಮೇಸ್ತ್ರಿಯ ಬಳಿಗೆ ಹೋದೆವು. ಆತ ಗೀರುಗಳ ಅಡ್ಡಕ್ಕೆ ಉಗುರು ಎಳೆದು ನೋಡಿದ. "ಉಗುರಿಗೆ ಹತ್ತಲಿಲ್ಲಂದ್ರ ತಗಿತೇನ್ರಿ. ಹತ್ತಿದ್ದಕ್ಕ ಬಣ್ಣಾನ ಹೊಡೀಬೇಕು, ಅದಕ್ಕ ಈಗ ಹೊತ್ತಿಲ್ಲ" ಎಂದ. ಎರಡು ದಿನ ಮಷೀನು ಹಿಡಿದು ಬಾನೆಟ್ಟನ್ನು ಮೊದಲಿನಂತೆ ಮಾಡಿಕೊಟ್ಟ. ಆ ಪುಣ್ಯಾತ್ಮನಿಗೂ ನಾನು ಋಣಿ. ಹಿಂದಿನ ಬಾಗಿಲ ಗೀರುಗಳು ಮಾತ್ರ ಉಳಿದವು, ಬಿಸಿಲು ಓರೆಯಾಗಿ ಬಿದ್ದರೆ ಕಾಣುತ್ತಿದ್ದವು. ಮದುವಣಗಿತ್ತಿ ಹತ್ತುವ ಬಾಗಿಲು ಅದೇ.

ಅವ್ವ ನಾಲ್ಕು ದಿನ ಅಂಗಳಕ್ಕೆ ಬರಲಿಲ್ಲ. ನಾನು ತಪ್ಪಾಯಿತೆಂದು ಕಾಲು ಹಿಡಿದರೆ ಕಾಲು ಎಳೆದುಕೊಂಡಳು. ಭಾಯಿಯ ಮಗಳು ಅಂಬೆಗಾಲಿಡುವಾಗಿನಿಂದ ನಮ್ಮ ಅಡಿಗೆಮನೆಯಲ್ಲೇ ಬೆಳೆದವಳು. ಅವಳ ನಿಕಾಹಿಗೂ ಅವ್ವ ಹೋಗಲಿಲ್ಲ. "ಯಾವ ಮಾರಿ ಹೊತ್ಕೊಂಡು ಹೋಗ್ಲಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಮಗಳನ್ನು ಕಳಿಸುವ ಹೊತ್ತಿಗೆ ಭಾಯಿ ಬೀಗರನ್ನೆಲ್ಲ ಬಿಟ್ಟು ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ನೀರಿನ ಬಕೆಟ್, ಇನ್ನೊಂದರಲ್ಲಿ ಮೆತ್ತನೆಯ ಬಟ್ಟೆ.

"ಅವ್ವಾರ, ಗಾಡಿ ಮ್ಯಾಲ ಧೂಳ ಕುಂತೈತಿ. ಬಾಗಲಾ ಒರಸಬೇಕು, ಬರ್ರಿ."

"ನನ್ನ ಕೈ ಬ್ಯಾಡಪಾ. ಹಾಳ ಕೈ ಇದು."

"ಹಂಗನಬ್ಯಾಡ್ರಿ. ನನ್ನ ಗಾಡಿನ ನನಗಿಂತ ಜ್ವಾಕಿಯಿಂದ ತಿಕ್ಕಿದವರು ನೀವೊಬ್ರ."

ಅವ್ವ ಎದ್ದಳು. ಆ ಬಾಗಿಲನ್ನು ಮೇಲಿಂದ ಕೆಳಗೆ, ಕೂಸಿನ ಮೈ ಒರೆಸುವಂತೆ ಒರೆಸಿದಳು. ಭಾಯಿ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬೀಗರು ನೋಡುತ್ತಿದ್ದರು. ಒರೆಸಿ ಮುಗಿದ ಮೇಲೆ ಭಾಯಿ ಆ ಬಾಗಿಲು ತೆರೆದರು.

"ಅಳಿಯಾ ಮುಂದ ಕುಂದ್ರತಾನ್ರಿ. ಹಿಂದ ಮಗಳ ಜೋಡಿ ಹಿರೇಕೆರೂರ ತನಕಾ ಹಿರೇರೊಬ್ರು ಬೇಕು. ನಮ್ಮವ್ವ ಇಲ್ಲ. ನೀವ ಹೋಗ್ರಿ."

ಅವ್ವ ಒಳಗೆ ಹೋಗಿ, ಒದ್ದೆಯಾದ ಸೀರೆ ಬದಲಿಸಿಕೊಂಡು ಬಂದಳು.