ಗುಲಾಬಿಯಾದ ಸಿಲಿಕಾ ಜೆಲ್

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೀನಿಯರ್ ಕೆಮಿಸ್ಟ್ ಆಗಿದ್ದೆ. ಆಗ ನಮಗೆ ಬಂದ ಕೆಲಸ, ನಕಲಿ ಲೇಬಲ್ ಪತ್ತೆಹಚ್ಚುವ ಶಾಯಿಗೆ ಬೇಕಾದ ಯುರೋಪಿಯಂ ಪುಡಿ. ಬರಿಗಣ್ಣಿಗೆ ಬಿಳಿ ಹಿಟ್ಟು. ಯುವಿ ದೀಪದ ಕೆಳಗೆ ಕೆಂಡದಂಥ ಕೆಂಪು.

ಯುರೋಪಿಯಂ ಎಂಬ ಈ ವಿರಳ ಲೋಹ ತಾನಾಗಿ ಬೆಳಕು ಹೀರುವುದು ತೀರಾ ಕಡಿಮೆ. ಅದರ ಸುತ್ತ ಕಟ್ಟಿದ ಲಿಗ್ಯಾಂಡ್ ಎಂಬ ಅಣು ಬೆಳಕು ಹೀರಿ ಅದಕ್ಕೆ ದಾಟಿಸುತ್ತದೆ. ಆ ಲಿಗ್ಯಾಂಡ್ ಮಾಡಿದವನು ನಾನು, ಮೂರು ವಾರ ಒದ್ದಾಡಿ. ಅದಕ್ಕೆ ಯುರೋಪಿಯಂ ಸೇರಿಸಿದವಳು ಸವಿತಾ. ಹೆಮ್ಮಿಗೆಯಿಂದ ಟಿ. ನರಸೀಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದ, ಇನ್ನೂ ಪ್ರೊಬೇಷನ್ನಿನಲ್ಲಿದ್ದ ಹುಡುಗಿ. ಕೆಂಪು ಹೊಳೆದದ್ದೇ ತಡ, ಮ್ಯಾನೇಜರು "ಭೇಷ್ ಸವಿತಾ!" ಎಂದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತಲ್ಲಪ್ಪಾ ಎಂದು ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಗಿರಾಕಿಗಳು ಬರುವವರಿದ್ದರು. ಅವರೆದುರು ಪುಡಿ ಹೊಳೆದರೆ ಸವಿತಾಳ ಕೆಲಸ ಕಾಯಂ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಅವಳು ಪುಡಿಯ ಶೀಶೆಯ ಮುಚ್ಚಳ ತೆಗೆದು ನನ್ನ ಮೇಜಿನ ಮೇಲಿದ್ದ ಡೆಸಿಕೇಟರಿನಲ್ಲಿ, ಅಂದರೆ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಗಾಜಿನ ಪಾತ್ರೆಯಲ್ಲಿ, ಇಟ್ಟು ಬಸ್ಸಿಗೆ ಓಡಿದಳು. ಹೊರಡುವಾಗ ನಾನು ನೋಡಿದೆ, ನೀಲಿಯಾಗಿರಬೇಕಾದ ಜೆಲ್ ಗುಲಾಬಿಗೆ ತಿರುಗಿತ್ತು. ಅದು ಇನ್ನು ತೇವ ಹೀರದು. ನೀರಿನ ಅಣು ಯುರೋಪಿಯಂಗೆ ಅಂಟಿದರೆ ಹೊಳಪು ಸತ್ತಂತೆಯೇ. ಜೆಲ್ ಬದಲಾಯಿಸಲು ಐದು ನಿಮಿಷ ಸಾಕಿತ್ತು. 'ಮಹಾ ಜಾಣೆಯಲ್ಲವೇ, ಅನುಭವಿಸಲಿ' ಎಂದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಪುಡಿ ಮಂಕಾಗಿತ್ತು.

"ಏನೋ ಎಡವಟ್ಟು ಮಾಡ್ಬುಟ್ಟೆ ಸಾ, ನನ್ ಕೆಲ್ಸ ಓಯ್ತು" ಎಂದು ಸವಿತಾ ಶೀಶೆಯನ್ನು ನನ್ನ ಕೈಗಿಟ್ಟಳು. ಲೇಬಲ್ಲಿನ ಮೇಲೆ ಅವಳದೇ ಅಕ್ಷರದಲ್ಲಿ ಮೊದಲು ನನ್ನ ಹೆಸರಿತ್ತು, ಕೆಳಗೆ ಅವಳದು.

ಥೂ, ನನ್ನ ಜನ್ಮಕ್ಕೆ! ಗಿರಾಕಿಗಳು ಬರಲು ಇನ್ನೂ ಮೂರು ಗಂಟೆಯಿತ್ತು. ಪುಡಿಯನ್ನು ವ್ಯಾಕ್ಯೂಮ್ ಓವನ್ನಿಗಿಟ್ಟು ನೀರು ಬಿಡಿಸಿದೆ. ಕೆಂಪು ಮರಳಿತು. ಅವಳ ಕೆಲಸವೂ ಕಾಯಮಾಯಿತು.

ಸಂಜೆ ನಾನೇ ಹೇಳಿದೆ: "ನಿನ್ನೆ ಜೆಲ್ ಗುಲಾಬಿಯಾಗಿದ್ದು ನೋಡಿದ್ದೆ ಕಣಮ್ಮ. ಹೊಟ್ಟೆಕಿಚ್ಚಿಗೆ ಬಾಯಿ ಬಿಡ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. "ಬೈದಿದ್ರೂ ಸರೀನೇ, ಒಂದ್ ಮಾತು ಏಳ್ಬೇಕಿತ್ತು ಸಾ."

ಕಂಡ ತಪ್ಪನ್ನು ಕಂಡಾಗಲೇ ಹೇಳಬೇಕು ಎಂಬ ಪಾಠವನ್ನು ಮೂವತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟವನು ನಾನು, ಕಲಿತದ್ದು ಅವತ್ತು. ಮರುದಿನ ಬಂದಾಗ ಡೆಸಿಕೇಟರ್ ಅವಳ ಮೇಜಿನ ಮೇಲಿತ್ತು. ನಾನು ನಿವೃತ್ತನಾಗುವವರೆಗೂ ಅಲ್ಲೇ ಇತ್ತು, ಜೆಲ್ಲಿನ ಬಣ್ಣವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಹೊಸ ಶೀಶೆಗಳ ಮೇಲೆ ಮಾತ್ರ ಅವಳು ನನ್ನ ಹೆಸರನ್ನೇ ಮೊದಲು ಬರೆಯುತ್ತಿದ್ದಳು.