ಅಣ್ಣ ಆಣೆ ಮುರಿದಿರಲಿಲ್ಲ

ನಮ್ಮ ಕಾಕಾ ಮಾತಿಗೆ ಮೊದಲು ಎರಡು ಸಲ ಕೆಮ್ಮಿ, ಮೀಸೆ ಸವರುತ್ತಾರೆ. ವಾಡಿ ಸ್ಟೇಷನ್ನಿನಲ್ಲಿ ಅದನ್ನು ಮಾಡಿ ತೋರಿಸಿದರೆ ನನಗೆ ಪುಕ್ಕಟೆ ಚಹಾ. ಓದು ತಲೆಗೆ ಹತ್ತದವನಿಗೆ ಗಂಟಲಾದರೂ ಇದೆಯಲ್ಲ ಎಂದು ಅವ್ವನ ಸಮಾಧಾನ. ಆದರೆ ಕಾಕಾನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಣ್ಣ ಶಹಾಬಾದಿನಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸಾಗಿಸುವ ಲಾರಿಯ ಡ್ರೈವರ್. ಕುಡಿತ ಹಳೆಯದು. ಕೊನೆಕೊನೆಗೆ ಬೆಳಿಗ್ಗೆ ಒಂದು ಗುಟುಕು ಬೀಳದೆ ಬ್ರಷ್ಷೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸೋಮವಾರ ಕಾಕಾ ಅವನಿಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ಓಣಿಗೆಲ್ಲ ಸಕ್ಕರೆ ಹಂಚಿದರು.

ಮರುದಿನಕ್ಕೇ ಅಣ್ಣ ನಡುಗತೊಡಗಿದ. ಬೆವರು, ನಿದ್ದೆಯಿಲ್ಲ. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತ ಕುಳಿತ. ಕಾಕಾ ತೀರ್ಪು ಕೊಟ್ಟರು:

"ಕಳುವಿಲೆ ಕುಡದಾನ. ಆಣಿ ಮುರದಾನ, ಅದಕ್ಕ ದೇವರು ಕಾಡಾಕತ್ತಾನ. ದವಾಖಾನಿ ಬ್ಯಾಡ."

ಅಣ್ಣ ಫಿಟ್ಸ್ ಬಂದು ಬಿದ್ದ ಮೇಲೆಯೇ ನಾವು ಕಲಬುರಗಿಗೆ ಓಡಿದ್ದು. ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಸರಿಯಾಗಿ ಬೈದರು.

"ಕುಡಿದದ್ದಕ್ಕಲ್ಲ, ಒಮ್ಮೆಲೆ ಬಿಟ್ಟಿದ್ದಕ್ಕ ಹಿಂಗಾಗ್ಯಾದ. ಶೆರೆ ಮಿದುಳಿಗಿ ಬ್ರೇಕ್ ಹಾಕ್ತದ. ಬ್ರೇಕ್ ಹಾಕಿದ ಲಾರಿ ನಡಸಾಕ ಮಿದುಳು ಇಷ್ಟು ವರ್ಷ ಎಕ್ಸಿಲೇಟರ್ ಜೋರ್ ತುಳಿಯಾಕತ್ತಿತ್ತು. ನೀವು ಬ್ರೇಕ್ ತೆಗದ್ರಿ. ಎಕ್ಸಿಲೇಟರ್ ಯಾರು ಬಿಡಸ್ಬೇಕು? ಬಿಡಬೇಕು ಖರೆ, ಆದ್ರ ಔಷಧ ಕೊಟ್ಟು, ನಮ್ಮ ಕಣ್ಣ ಮುಂದ ಬಿಡಸ್ಬೇಕ್ರಿ."

ಅಣ್ಣ ಬದುಕಿದ. ಕುಡಿಯುವ ಸೆಳೆತ ತಗ್ಗಿಸುವ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಬೇಕು, ಆಗಾಗ ಹೋಗಿ ಮಾತಾಡಿ ಬರಬೇಕು, ನಡುವೆ ಬಿಟ್ಟರೆ ಮತ್ತೆ ಬಾಟಲಿಯೇ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮರುದಿನವೇ ಕಾಕಾ ಹಾಜರ್, ಜೇಬಿನಲ್ಲಿ ಎಂದಿನಂತೆ ತಮ್ಮ ಬಿಪಿ ಗುಳಿಗೆಯ ಡಬ್ಬಿ.

"ಗುಳಿಗಿನೂ ಚಟಾನೇ. ಗಂಡಸಾದಾಂವ ಮನಸ್ಸು ಗಟ್ಟಿ ಮಾಡ್ಕೋಬೇಕು."

ಗುಳಿಗೆ ಹಿಡಿದು ಬಾಯಿಗೆ ಹೊರಟಿದ್ದ ಅಣ್ಣನ ಕೈ ಅರ್ಧಕ್ಕೇ ನಿಂತಿತು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ಸಲ ಕೆಮ್ಮಿ, ಇಲ್ಲದ ಮೀಸೆ ಸವರಿ, ಕಾಕಾನ ದನಿಯಲ್ಲೇ ಹೇಳಿದೆ:

"ನಾಳಿಂದ ನನಗ ಬಿಪಿ ಏರಂಗಿಲ್ಲಂತ ಆಣಿ ಮಾಡ್ತೀನಿ. ನನ್ನ ಗುಳಿಗಿ ಡಬ್ಬಿ ಗಟಾರಕ್ಕ ಒಗೀರಿ."

ಯಾರೂ ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

"ದೊಡ್ಡಾವ್ರ ಮುಂದ ಮಂಗ್ಯಾನ ಆಟ ಏನಲೇ?"

"ಮಂಗ್ಯಾಗೂ ಅಣ್ಣ ಬೇಕಲ್ರಿ, ಕಾಕಾ."

ಆಗ ಅಣ್ಣ ಬಾಯಿಬಿಟ್ಟ. ದನಿ ಇನ್ನೂ ಸೋತಿತ್ತು.

"ಕಾಕಾ, ಅವತ್ತು ನನ್ನ ಬಾಯಿ ಒಮ್ಮಿ ಮೂಸಿ ನೋಡಿದ್ರೇನ್ರಿ? ಆಣಿ ನಾ ಮುರದಿದ್ದಿಲ್ಲ. ಮುರದಿದ್ರ ಆ ಫಿಟ್ಸೇ ಬರ್ತಿದ್ದಿಲ್ಲ." ಅವ್ವನ ಕಡೆ ತಿರುಗಿದ. "ನೀರು ಕೊಡಬೇ."