ಗೌರಕ್ಕನ ಬೈಗುಳ

ಗೌರಕ್ಕ ಎಷ್ಟೇ ಸಿಟ್ಟಿನಲ್ಲಿ ಬೈದರೂ ಗಂಡನಿಗೆ ಸಲ್ಲಬೇಕಾದ ‘ರೀ’ ಮಾತ್ರ ತಪ್ಪಿಸುತ್ತಿರಲಿಲ್ಲ. "ಕತ್ತೆ ಹಂಗೆ ನಿಂತೀರಲ್ರೀ, ನಡೀರಿ" ಎಂದು ಹರಿಹರದ ಹೊಳೆದಂಡೆಯ ಗದ್ದೆಯಲ್ಲಿ ಅವಳು ಕೂಗಿದರೆ ಪಕ್ಕದ ಗದ್ದೆಯಲ್ಲಿದ್ದ ನಾನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಗಂಡ ಹಾಲಪ್ಪಣ್ಣ ಎಲ್ಲದಕ್ಕೂ "ಹ್ಞೂಂ" ಅನ್ನುವವನು. ಎಂಥ ಸಂಸಾರವಪ್ಪ ಇದು ಎಂದು ಮೊದಮೊದಲು ನನಗೆ ನಗು ಬರುತ್ತಿತ್ತು.

ಒಂದು ಮಳೆಗಾಲ ನಾಟಿ ಮುಗಿದ ಬೆನ್ನಲ್ಲೇ ಹೊಳೆ ಉಕ್ಕಿ ಗದ್ದೆಗಳೆಲ್ಲ ಮುಳುಗಿದವು. ನನ್ನದು ಮರಳು ತುಂಬಿ ಹಾಳಾಯಿತು. ನೀರು ಇಳಿಯತೊಡಗಿದ ದಿನ ನಾನು ಮನೆಯಿರುವ ಆನೆಕೊಂಡದಿಂದ ಬೆಳಿಗ್ಗೆಯೇ ಗಾಡಿ ಹತ್ತಿ ಹೋದಾಗ ಗಂಡಹೆಂಡತಿ ಆಗಲೇ ಬದುವಿನ ಮೇಲಿದ್ದರು. ಅವರ ಸಸಿ ಇನ್ನೂ ಬದುಕಿತ್ತು, ಆದರೆ ಗರಿಗೆಲ್ಲ ರಾಡಿ ಮೆತ್ತಿತ್ತು. ಹಾಗೇ ಒಣಗಿದರೆ ಸತ್ತಂತೆಯೇ. ನೀರು ಮೊಣಕಾಲುದ್ದ ಇರುವಾಗಲೇ ಎದುರುಬದುರು ಬದುಗಳ ಮೇಲೆ ಇಬ್ಬರು ನಡೆಯುತ್ತ ಸಸಿಯ ಮೇಲೆ ಹಗ್ಗ ಎಳೆಯಬೇಕು. ಗರಿ ನೀರೊಳಗೆ ಬಾಗಿ ಏಳುವಾಗ ರಾಡಿ ತೊಳೆದುಹೋಗುತ್ತದೆ. ಮತ್ತೆ ನಾಟಿ ಮಾಡೋಣವೆಂದರೆ ಮಲೆಬೆನ್ನೂರಿನ ತನಕ ಹುಡುಕಿದರೂ ಒಂದು ಕಟ್ಟು ಸಸಿ ಸಿಗುವಂತಿರಲಿಲ್ಲ. ನೀರೋ, ನೋಡನೋಡುತ್ತ ಇಳಿಯುತ್ತಿತ್ತು.

ಹೊಳೆ ಕಡೆಯ ಬದು ಹಾಲಪ್ಪಣ್ಣನದು. ಅದರಾಚೆ ಹೊಳೆ ಇನ್ನೂ ಭೋರೆಂದು ಹರಿಯುತ್ತಿತ್ತು.

"ಹಗ್ಗ ಸೊಂಟಕ್ಕೆ ಕಟ್ಕಳ್ರಿ."

"ನಾನೇನು ಎಮ್ಮೆ ಏನೇ?"

"ಎಮ್ಮೆಗಾದ್ರೆ ಈಜು ಬರ್ತೈತ್ರಿ."

ಗೊಣಗುತ್ತಲೇ ಕಟ್ಟಿಕೊಂಡು ಆಚೆ ಬದುವಿಗೆ ಹೋದ. ತುಂತುರು ಮಳೆಗೆ ಆಚೆ ಬದು ಕಾಣುತ್ತಿರಲಿಲ್ಲ. ಈಚೆಯಿಂದ ಬೈಗುಳ, ಆಚೆಯಿಂದ "ಹ್ಞೂಂ". ಹಗ್ಗದ ಹಿಂದೆ ಹಸಿರು ಏಳುತ್ತ ಬಂತು.

"ಜಗ್ಗಬ್ಯಾಡ್ರಿ, ಹಿಡಿದು ನಡೀರಿ."

"ಹ್ಞೂಂ."

"ಉಂಡಿದ್ದೆಲ್ಲ ಎಲ್ಲಿ ಹೋತ್ರೀ, ಕಾಲು ಕಿತ್ತಿಡ್ರಿ."

ಉತ್ತರ ಬರಲಿಲ್ಲ. ಗೌರಕ್ಕ ನಿಂತಳು. ಇನ್ನೊಮ್ಮೆ ಬೈದು ನೋಡಲಿಲ್ಲ, ಹಗ್ಗವನ್ನು ಕೈಗೆ ಸುತ್ತಿ ಹಿಂದಕ್ಕೆ ವಾಲಿಬಿಟ್ಟಳು. ಅದೇ ಗಳಿಗೆಗೆ ಹಗ್ಗ ಬಿಗಿದು ಅವಳನ್ನು ಗದ್ದೆಗೆ ಎಳೆಯಿತು. ನೆನೆದ ಬದು ಕುಸಿದು ಹಾಲಪ್ಪಣ್ಣ ಹೊಳೆ ಪಾಲಾಗುವುದರಲ್ಲಿದ್ದ. ಅವಳ ಹಿಂದೆಯೇ ಇದ್ದ ನಾನೂ ಹಾರಿ ಹಗ್ಗ ಹಿಡಿದೆ. ಕೈ ಕಿತ್ತು ಬರುವಂತೆ ಎಳೆದೆವು. ಸಸಿ ತುಳಿದು, ಬಿದ್ದು, ಎದ್ದು, ಕಡೆಗೂ ಕುಸಿದ ಬದುವಿನ ಮೇಲೆ ಅವನ ತಲೆ ಕಂಡಿತು.

ಅವನು ಕೆಮ್ಮುತ್ತ ಕೂತ. ಗೌರಕ್ಕ ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. "ಹ್ಞೂಂ ಅನ್ನಾಕೆ ಏನಾಗಿತ್ತ್ರೀ ನಿಮಗೆ?"

"ಬಾಯಾಗ ನೀರಿತ್ತು ಕಣೇ."

ಸ್ವಲ್ಪ ಹೊತ್ತಿಗೆ ಅವಳೇ ಎದ್ದಳು. "ನೀರು ಇಳೀತೈತಿ, ಏಳ್ರಿ. ಹೊಳೀ ಕಡೆ ನಾ ಹೋಗ್ತೀನಿ." ಅವನು ಬಿಡಲಿಲ್ಲ. ಮತ್ತೆ ಹಗ್ಗ ಕಟ್ಟಿಕೊಂಡು, ಕುಸಿದಲ್ಲಿ ಗದ್ದೆಯೊಳಗೆ ಇಳಿದು ನಡೆದ. ಒಂದು ಮೂಲೆ ಕೊಳೆತದ್ದು ಬಿಟ್ಟರೆ ಉಳಿದ ಪೈರು ಕೈಗೆ ಬಂತು. ಆಮೇಲೆ ಆ ಸಂಸಾರದ ಬಗ್ಗೆ ನಾನು ನಗಲಿಲ್ಲ.

ಹೋದ ಬೇಸಿಗೆಯಲ್ಲಿ ಗೌರಕ್ಕ ಎದೆನೋವೆಂದು ದಾವಣಗೆರೆಯ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅಲ್ಲೇ ಕೆ.ಬಿ. ಬಡಾವಣೆಯಲ್ಲಿರುವ ಮಗಳು ತನ್ನ ಮನೆಗೆ ಎಷ್ಟು ಕರೆದರೂ ಹಾಲಪ್ಪಣ್ಣ ಗದ್ದೆ ಬಿಡಲಿಲ್ಲ.

ಈ ಮಳೆಗಾಲವೂ ಹೊಳೆ ಬಂತು. ನೀರು ಇಳಿಯುವಾಗ ಅವನ ಫೋನು ಬಂತು, ಹೋದೆ. ಹಗ್ಗ ಸೊಂಟಕ್ಕೆ ತಾನೇ ಕಟ್ಟಿಕೊಂಡು ಇನ್ನೊಂದು ತುದಿ ನನ್ನ ಕೈಗಿಟ್ಟ. ನನಗೆ ಹೆದರಿಕೆ. ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ. ಅರ್ಧ ಗದ್ದೆಯಲ್ಲಿ ಹಗ್ಗ ನಿಂತಿತು.

"ಯಾಕಣ್ಣ?" ಎಂದು ಕೂಗಿದೆ.

"ಹಿಂಗೆ ಸುಮ್ಕೆ ಬರಬ್ಯಾಡಪ್ಪ. ಆ ಕಡೆ ಯಾರೂ ಇಲ್ಲ ಅನಸ್ತೈತಿ. ಬೈಕೊಂತ ಬಾ."

ಹಿರಿಯ ಮನುಷ್ಯ, ಏನೆಂದು ಬೈಯಲಿ? ನನಗೆ ಬರುತ್ತಿದ್ದದ್ದು ಒಂದೇ.

"ಕತ್ತೆ ಹಂಗೆ ನಿಂತೀರಲ್ರೀ, ನಡೀರಿ."

ಆ ಕಡೆಯಿಂದ "ಹ್ಞೂಂ" ಬರುವುದು ಸ್ವಲ್ಪ ತಡವಾಯಿತು. ಆಮೇಲೆ ಹಗ್ಗ ಹೊರಟಿತು.